ಹಿಂದಿನ ಕಾರು

"ಗುರುಗಳೇ, ಏನೂ ಬಾರದವರ ಜೊತೆಗೇ ಇದ್ದರೆ ಬಂದ ವಿದ್ಯೆ ತುಕ್ಕು ಹಿಡಿಯುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಪಾಠಶಾಲೆಯಲ್ಲಿ ಹಲವು ವರ್ಷ ವ್ಯಾಕರಣ ಓದಿದವನು. ಆ ವರ್ಷ ಗುರುಗಳು ಹೊಸದಾಗಿ ಸೇರಿದವರ ತರಗತಿಯನ್ನು ಅವನಿಗೆ ಒಪ್ಪಿಸಿದ್ದರು. ಹೊಸಬರಿಗೆ ಸಂಧಿ ಬಿಡಿಸಲು ಬರುತ್ತಿರಲಿಲ್ಲ. ನಿನ್ನೆ ಹೇಳಿದ್ದನ್ನೇ ಇಂದು ಮತ್ತೆ ಹೇಳಬೇಕಾಗುತ್ತಿತ್ತು. ತಾನು ಓದಬೇಕೆಂದು ತೆಗೆದಿಟ್ಟಿದ್ದ ಗ್ರಂಥವನ್ನು ಬಿಚ್ಚಲು ಅವನಿಗೆ ಬಿಡುವೇ ಸಿಕ್ಕಿರಲಿಲ್ಲ.

"ಚುರುಕಾಗಿ ಕಲಿಯುವವರನ್ನು ಕೊಡಿ. ಇಲ್ಲವಾದರೆ ನನ್ನ ಪಾಡಿಗೆ ಓದಿಕೊಳ್ಳಲು ಬಿಡಿ" ಎಂದು ಬೇಡಿಕೊಂಡ.

ಗುರುಗಳು ಆಗಲಿ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ. ಕೂತುಕೊ ಎಂದು ಕೈಸನ್ನೆ ಮಾಡಿದರು. ಅವರು ಒಂದು ಕಂಪ್ಯೂಟರ್ ಆಟದ ಕತೆ ಹೇಳುತ್ತಾರೆಂದು ಶಿಷ್ಯ ಎಣಿಸಿರಲಿಲ್ಲ.

ಒಂದು ಊರಿನಲ್ಲಿ ಚನ್ನವೀರನೆಂಬ ಅಂಗಡಿಯವನಿದ್ದ. ಅವನದು ಆಟದ ಅಂಗಡಿ. ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಹಡಿಯಲ್ಲಿ ಕೆಲವು ಕಂಪ್ಯೂಟರ್ ಇಟ್ಟುಕೊಂಡಿದ್ದ. ಊರಿನವರು ಬಂದು ಆಡಿ ಹೋಗುತ್ತಿದ್ದರು. ಗೋಡೆಯ ಬದಿಯ ಎರಡು ಕಂಪ್ಯೂಟರುಗಳಿಗೆ ಮಾತ್ರ ಕಾರಿನಲ್ಲಿರುವಂಥ ಸ್ಟೇರಿಂಗ್, ಕಾಲಿನ ಕೆಳಗೆ ಪೆಡಲ್, ಪಕ್ಕದಲ್ಲಿ ಹ್ಯಾಂಡ್‌ಬ್ರೇಕ್ ಇದ್ದವು. ಅಲ್ಲಿ ಕೂತರೆ ಪರದೆಯ ಮೇಲೆ ಘಾಟಿ ರಸ್ತೆಯೊಂದು ತೆರೆದುಕೊಳ್ಳುತ್ತಿತ್ತು.

ಆ ಆಟದಲ್ಲಿ ಮೊದಲು ಗುರಿ ಮುಟ್ಟಿದವರು ಗೆದ್ದಂತಲ್ಲ. ತಿರುವು ಬಂದಾಗ ಕಾರನ್ನು ಬೇಕೆಂದೇ ಜಾರಿಸಬೇಕು. ಮೂತಿ ತಿರುವಿನ ಒಳಕ್ಕೆ, ಹಿಂಬದಿ ಹೊರಕ್ಕೆ. ಹಾಗೆ ಓರೆಯಾಗಿ ಜಾರುತ್ತಲೇ ತಿರುವನ್ನು ದಾಟಬೇಕು. ಆಡುವವರು ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಎಷ್ಟು ಓರೆಯಾಗಿ, ಎಷ್ಟು ನಯವಾಗಿ ಜಾರಿದೆ ಎಂಬುದಕ್ಕೆ ಅಂಕ.

ಚನ್ನವೀರನಿಗೆ ನೀಲಾ ಎಂಬ ತಂಗಿಯಿದ್ದಳು. ಕಾಲೇಜು ಮುಗಿಸಿದ ಮೇಲೆ ಅಣ್ಣನ ಜೊತೆ ಅಂಗಡಿ ನೋಡಿಕೊಳ್ಳುತ್ತಿದ್ದಳು. ಅಣ್ಣ ಆ ಸ್ಟೇರಿಂಗ್ ಹಿಡಿದು ಕೂತಾಗ ಬೇರೆ ಆಟ ಆಡುತ್ತಿದ್ದವರೆಲ್ಲ ಎದ್ದು ಬಂದು ಅವನ ಹಿಂದೆ ನಿಲ್ಲುತ್ತಿದ್ದರು. ಅವನ ಕಾರು ತಿರುವಿನಲ್ಲಿ ಎಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು. ನೀಲಾಳಿಗೆ ಅದನ್ನು ಕಲಿಯಬೇಕೆನ್ನಿಸಿತು.

ಮೊದಲ ದಿನಗಳಲ್ಲಿ ಅವಳ ಕಾರು ಬುಗುರಿಯಂತೆ ತಿರುಗಿತು. ಹ್ಯಾಂಡ್‌ಬ್ರೇಕ್ ಎಳೆದರೆ ಹಿಂಬದಿ ಹೊರಕ್ಕೆ ಹೋಗುತ್ತಿತ್ತು, ಆದರೆ ಅಲ್ಲಿ ನಿಲ್ಲದೆ ಪೂರ್ತಿ ಸುತ್ತಿ ಬಂದ ದಾರಿಗೇ ಮುಖ ಮಾಡುತ್ತಿತ್ತು. ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳು ಥಟ್ಟನೆ ನೆಲ ಕಚ್ಚಿ ಕಾರನ್ನು ಎದುರು ಬದಿಯ ಗೋಡೆಗೆ ಎಸೆಯುತ್ತಿದ್ದವು. ಚನ್ನವೀರ ಹಿಂದೆ ನಿಂತು ನೋಡುತ್ತಿದ್ದ. ಸ್ಟೇರಿಂಗ್‌ಗೆ ಕೈ ಹಾಕುತ್ತಿರಲಿಲ್ಲ. ಒಂದು ದಿನ ಕೇಳಿದ.

"ಎಲ್ಲಿ ತಪ್ಪಿತು?"

"ಆ ಗೋಡೆಯ ಹತ್ತಿರ, ಅಣ್ಣ."

"ಗೋಡೆಗೆ ಹೊಡೆದದ್ದು ಅಲ್ಲಿ. ತಪ್ಪಿದ್ದು ಅದಕ್ಕಿಂತ ಬಹಳ ಹಿಂದೆ. ನಾಳೆ ಅದೆಲ್ಲಿ ಅಂತ ನೋಡಿ ಹೇಳು."

ಅವಳು ನೋಡಿದಳು. ಕಾರು ಇನ್ನೂ ನೆಟ್ಟಗೆ ಹೋಗುತ್ತಿದ್ದಾಗಲೇ ತನ್ನ ಕಣ್ಣು ಗೋಡೆಯ ಮೇಲಿತ್ತು ಎಂದು ಅವಳಿಗೆ ತಿಳಿಯಿತು. ಅಂದಿನಿಂದ ಗೋಡೆಯನ್ನು ಬಿಟ್ಟು ತಿರುವಿನ ಆಚೆಯ ರಸ್ತೆಯನ್ನು ನೋಡಲು ಕಲಿತಳು. ಹಿಂಬದಿ ಜಾರಲು ತೊಡಗಿದೊಡನೆ ಸ್ಟೇರಿಂಗನ್ನು ಜಾರಿದ ದಿಕ್ಕಿಗೇ ತಿರುಗಿಸಲು ಕಲಿತಳು. ಕಾಲು ತೆಗೆಯದೆ, ಪೂರ್ತಿ ಒತ್ತಿಯೂ ಬಿಡದೆ, ಆಕ್ಸಿಲರೇಟರಿನಿಂದಲೇ ಆ ಜಾರುವಿಕೆಯನ್ನು ಹಿಡಿದುಕೊಳ್ಳಲು ಕಲಿತಳು. ಕಾರು ಮಾತು ಕೇಳುವ ಹೊತ್ತಿಗೆ ಸ್ಟೇರಿಂಗ್ ಅಂಗೈಯಲ್ಲಿ ಹಗುರವಾಗುತ್ತದೆ. ಮೊದಲ ಸಲ ಹಾಗೆ ಹಗುರವಾದಾಗ ಅವಳು ಖುಷಿಯಲ್ಲಿ ಮುಂದಿನ ತಿರುವನ್ನೇ ಮರೆತು ಕಮರಿಗೆ ಬಿದ್ದಳು.

ಕಾಲ ಕಳೆದಂತೆ ಅವಳು ಅಣ್ಣನನ್ನು ಮೀರಿಸಿದಳು. ಅಣ್ಣನಿಗೆ ಅದರಿಂದ ಸಂತೋಷವೇ ಆಯಿತು. ಅಂಗಡಿಗೆ ಬಂದವರಿಗೆಲ್ಲ, "ನಾನಲ್ಲ, ಅವಳು ಆಡುವುದನ್ನು ನೋಡಿ" ಎನ್ನುತ್ತಿದ್ದ. ದೊಡ್ಡ ಊರಿನಲ್ಲಿ ಡ್ರಿಫ್ಟ್ ಸ್ಪರ್ಧೆ ನಡೆಯುತ್ತದೆಂದು ಗೊತ್ತಾದಾಗ ಅವಳ ಹೆಸರನ್ನು ಕಳಿಸಿದವನೂ ಅವನೇ.

ಅಷ್ಟರಲ್ಲಿ ಚನ್ನವೀರನಿಗೆ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಅದರ ಹಿಂದೆಯೇ ಕೈಕಾಲುಗಳ ಶಕ್ತಿಯೂ ಇಳಿಯಿತು. ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ. ಇದು ನರಗಳ ಕಾಯಿಲೆ, ಶಕ್ತಿ ಮರಳಿ ಬರುತ್ತದೆ, ಆದರೆ ನಿಧಾನ, ಕೈಗಳಿಗೆ ದಿನವೂ ಕೆಲಸ ಕೊಡುತ್ತಿರಬೇಕು ಎಂದು ವೈದ್ಯರು ಹೇಳಿ ಕಳಿಸಿದರು.

ಮನೆಗೆ ಬಂದ ಚನ್ನವೀರ ಬೇರೆ ಮನುಷ್ಯನಾಗಿದ್ದ. ನಡೆಯುತ್ತಿದ್ದ, ಆದರೆ ಗೋಡೆ ಹಿಡಿದು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಹಿಸುಕಲೆಂದು ಕೊಟ್ಟಿದ್ದ ರಬ್ಬರ್ ಚೆಂಡು ಮಂಚದ ಕೆಳಗೆ ಉರುಳಿ ಹೋಗಿತ್ತು. ತಾಯಿ ಎತ್ತಿ ಕೊಟ್ಟರೆ, "ಇದೇನು ಕೂಸಿನ ಆಟ" ಎಂದು ದಿಂಬಿನ ಬದಿಗೆ ಇಡುತ್ತಿದ್ದ.

ನೀಲಾ ಅವನನ್ನು ಅಂಗಡಿಗೆ ಕರೆದುಕೊಂಡು ಬಂದಳು. ಸ್ಟೇರಿಂಗ್ ಮುಂದೆ ಕೂರಿಸಿ, ತಾನು ಪಕ್ಕದ ಕಂಪ್ಯೂಟರಿನಲ್ಲಿ ಕೂತು, ಇಬ್ಬರ ಕಾರುಗಳೂ ಒಂದೇ ರಸ್ತೆಯಲ್ಲಿ ಬರುವಂತೆ ಮಾಡಿದಳು. ಆಟ ಶುರುವಾಯಿತು. ಅಭ್ಯಾಸಬಲದಿಂದ ಅವಳ ಕಾರು ಮುಂದೆ ಹೋಯಿತು, ಮೊದಲ ತಿರುವಿನಲ್ಲಿ ಓರೆಯಾಗಿ ಜಾರಿ ಕಣ್ಮರೆಯಾಯಿತು. ಅಣ್ಣನ ಕೈ ಸ್ಟೇರಿಂಗನ್ನು ತಿರುಗಿಸುವಷ್ಟರಲ್ಲಿ ಅವನ ಕಾರು ಗೋಡೆಗೆ ಒರಗಿತ್ತು. ನೀಲಾ ತಿರುಗಿ ಅವನ ಪರದೆಯನ್ನು ನೋಡಿದಳು. ಅದರ ಮೇಲೆ ಖಾಲಿ ರಸ್ತೆಯೊಂದೇ ಇತ್ತು. ಅಣ್ಣ ಕೈಗಳನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ನೀನು ಆಡು. ನಾನು ನೋಡುತ್ತೇನೆ" ಎಂದ.

ಮರುದಿನ ಅವನು ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನೀಲಾ ಯೋಚಿಸಿದಳು. ಗೋಡೆಗೆ ತಾಗಿದ್ದರಿಂದ ಅಣ್ಣ ಎದ್ದುಹೋದದ್ದಲ್ಲ, ಗೋಡೆ ಅವನಿಗೆ ಹೊಸದೇನಲ್ಲ. ಆ ಖಾಲಿ ರಸ್ತೆ ಅವನನ್ನು ಎಬ್ಬಿಸಿ ಕಳಿಸಿತು ಎಂದು ಅವಳಿಗೆ ತೋರಿತು. ಅವಳು ಮನೆಗೆ ಹೋಗಿ ಹೇಳಿದಳು.

"ಅಣ್ಣ, ಸ್ಪರ್ಧೆಯಲ್ಲಿ ಜೋಡಿ ಸುತ್ತು ಅಂತ ಒಂದಿದೆ. ಒಂದು ಕಾರು ಮುಂದೆ ಜಾರುತ್ತದೆ. ಇನ್ನೊಂದು ಅದರ ಬಾಗಿಲಿಗೆ ಅಂಟಿಕೊಂಡ ಹಾಗೆ, ತಾಗದೆ, ಅಷ್ಟೇ ಓರೆಯಾಗಿ ಹಿಂದೆ ಹೋಗಬೇಕು. ನನಗೆ ಮುಂದೆ ಹೋಗುವವರು ಯಾರೂ ಇಲ್ಲ."

"ನನ್ನ ಹಿಂದೆ ಏನು ಬರುತ್ತೀ? ನಾನು ಎತ್ತಿನ ಗಾಡಿ ಆಗಿದ್ದೇನೆ."

"ಎತ್ತಿನ ಗಾಡಿಯ ಹಿಂದೆ ಹೋಗಲು ಬಂದರೆ ಯಾರ ಹಿಂದೆ ಬೇಕಾದರೂ ಹೋಗಬಹುದು."

ಅವಳು ಅವನನ್ನು ಎಬ್ಬಿಸಲು ಹಾಗೆ ಅಂದಳು, ಅಷ್ಟೇ. ನಿಧಾನವಾಗಿ ಹೋಗುವುದರಲ್ಲಿ ಏನು ಮಹಾ ಇದೆ, ಕಾಲನ್ನು ಸ್ವಲ್ಪ ಹಗುರ ಮಾಡಿದರಾಯಿತು ಎಂದುಕೊಂಡಿದ್ದಳು.

ಅಣ್ಣ ಬಂದು ಕೂತ. ಮೊದಲ ತಿರುವಿನಲ್ಲಿ ಅವನ ಕಾರು ಕಷ್ಟಪಟ್ಟು ಒಂದಿಷ್ಟು ಓರೆಯಾಯಿತು. ಹಿಂದೆ ಬಂದ ನೀಲಾ ತನ್ನ ಕಾರನ್ನು ಜಾರಿಸಿದಳು. ಅದು ನೇರ ಹೋಗಿ ಅಣ್ಣನ ಕಾರಿನ ಬಾಗಿಲಿಗೆ ಗುದ್ದಿತು. ಎರಡೂ ಕಮರಿಗೆ ಬಿದ್ದವು. ಮತ್ತೊಮ್ಮೆ ಶುರು ಮಾಡಿದರು. ಈ ಸಲ ಅವಳು ವೇಗ ಇಳಿಸಿದಳು. ವೇಗ ಇಳಿದೊಡನೆ ಚಕ್ರಗಳು ನೆಲ ಕಚ್ಚಿದವು, ಜಾರುವುದು ನಿಂತಿತು, ಕಾರು ಬಸ್ಸಿನಂತೆ ನೆಟ್ಟಗಾಯಿತು. ಜಾರಲು ವೇಗ ಬೇಕು. ಆದರೆ ವೇಗವಿದ್ದರೆ ಮುಂದಿನವನಿಗೆ ಗುದ್ದುತ್ತದೆ. ಎರಡರ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಆ ಜಾಗದಲ್ಲಿ ಅವಳು ಈ ತನಕ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಆ ವಾರವೆಲ್ಲ ಹಾಗೆಯೇ ಆಯಿತು. ಅಂಗಡಿಗೆ ಬರುವವರು ಹಿಂದೆ ನಿಂತು ನೋಡಿ, "ಏನು ನೀಲಕ್ಕ, ಕೈ ತಪ್ಪಿತಾ?" ಎಂದು ಕೇಳುತ್ತಿದ್ದರು. ಒಬ್ಬಳೇ ಆಡುವಾಗಲೂ ಅವಳ ಅಂಕ ಇಳಿಯಿತು. ನಿಧಾನಕ್ಕೆ ಒಗ್ಗಲು ಹೊರಟ ಕಾಲು ವೇಗದಲ್ಲಿಯೂ ಹಿಂಜರಿಯುತ್ತಿತ್ತು. ಸ್ಪರ್ಧೆ ಹತ್ತಿರವಾಗುತ್ತಿತ್ತು. ನೀಲಾಳಿಗೆ ಸಿಟ್ಟು ಬಂತು. ಅಣ್ಣನ ಕೈಗೆ ಕೆಲಸ ಕೊಡಲು ಹೋಗಿ ತನ್ನ ಕೈಯನ್ನೇ ಕೆಡಿಸಿಕೊಳ್ಳುತ್ತಿದ್ದೇನೆ, ಇವನನ್ನು ಬೇರೆ ಯಾರ ಜೊತೆಗಾದರೂ ಕೂರಿಸಬೇಕು ಎಂದು ತೀರ್ಮಾನಿಸಿ, ಅದನ್ನು ಹೇಳಲೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಅಣ್ಣನೇ ಮಾತನಾಡಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅಷ್ಟು ಹುರುಪಿನಿಂದ ಮಾತನಾಡಿರಲಿಲ್ಲ.

"ನೀಲಾ, ನೀನು ನನ್ನ ಕಾರಿನ ಬಾಲ ನೋಡಿಕೊಂಡು ಬರುತ್ತಿದ್ದೀ. ಬಾಲ ಆಗಿಹೋದದ್ದನ್ನು ಹೇಳುತ್ತದೆ. ನನ್ನ ಮುಂದಿನ ಚಕ್ರ ನೋಡು. ನಾನು ಏನು ಮಾಡಲು ಹೊರಟಿದ್ದೇನೆ ಅಂತ ಅದು ಮೊದಲೇ ಹೇಳುತ್ತದೆ."

ನೀಲಾ ತೆರೆದ ಬಾಯಿಯನ್ನು ಮುಚ್ಚಿದಳು. ಮತ್ತೆ ಆಟ ಶುರು ಮಾಡಿದಳು.

ಅವಳು ಅಣ್ಣನ ಕಾರಿನ ಮುಂದಿನ ಚಕ್ರವನ್ನು ನೋಡಿದಳು. ತಿರುವಿನ ನಡುವೆ ಆ ಚಕ್ರ ಸಣ್ಣಗೆ ನಡುಗಿತು. ನಡುಗಿದ ಒಂದು ಕ್ಷಣಕ್ಕೆ ಅಣ್ಣನ ಕಾರು ಹಿಡಿತ ತಪ್ಪಿ ಸುತ್ತಿತು. ಮುಂದಿನ ತಿರುವಿನಲ್ಲಿಯೂ ಹಾಗೆಯೇ ಆಯಿತು. ಅವನ ಕೈ ಸೋಲುವುದು ಅವನಿಗೆ ತಿಳಿಯುವ ಮೊದಲೇ ಆ ಚಕ್ರಕ್ಕೆ ತಿಳಿಯುತ್ತದೆ ಎಂದು ನೀಲಾಳಿಗೆ ಅರ್ಥವಾಯಿತು. ಅವಳ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ಅಂದಿನಿಂದ ಅವಳು ಬೆಳಿಗ್ಗೆ ಅಂಗಡಿಗೆ ಗಿರಾಕಿಗಳು ಬರುವ ಮೊದಲೇ ಹೋಗಿ ಒಬ್ಬಳೇ ನಿಧಾನವನ್ನು ಅಭ್ಯಾಸ ಮಾಡಿದಳು. ಕೆಳಗಿನ ಗೇರಿನಲ್ಲಿ, ಪಾದದ ತುದಿಯಿಂದ ಆಕ್ಸಿಲರೇಟರನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು, ಜಾರುವಿಕೆ ಸಾಯದಂತೆ ಉಳಿಸಿಕೊಳ್ಳುವುದು. ಹೆಚ್ಚಾದ ವೇಗವನ್ನು ಎಡಗಾಲಿನಿಂದ ಬ್ರೇಕ್ ಸವರಿ ಇಳಿಸುವುದು. ಅದು ವೇಗದ ಆಟಕ್ಕಿಂತ ಹತ್ತು ಪಟ್ಟು ಕಷ್ಟವಾಗಿತ್ತು. ವೇಗದಲ್ಲಿ ಹೋಗುವಾಗ ಸಣ್ಣ ತಪ್ಪನ್ನು ವೇಗವೇ ಮುಚ್ಚಿಹಾಕುತ್ತದೆ. ನಿಧಾನದಲ್ಲಿ ಎಲ್ಲ ತಪ್ಪೂ ಕಾಣುತ್ತದೆ. ತನಗೆ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದ ಎಷ್ಟೋ ಸಂಗತಿಗಳು ಬರುವುದೇ ಇಲ್ಲ ಎಂದು ಅವಳಿಗೆ ಆ ಬೆಳಗುಗಳಲ್ಲಿ ತಿಳಿಯಿತು.

ಸಂಜೆ ಅಣ್ಣನ ಹಿಂದೆ ಹೋಗುತ್ತಿದ್ದಳು. ಅವನ ಚಕ್ರ ನಡುಗಿದರೆ ತಾನು ಒಂದಿಷ್ಟು ಹೊರಕ್ಕೆ ಸರಿದು ಅವನಿಗೆ ಜಾಗ ಬಿಡುತ್ತಿದ್ದಳು. ಚಕ್ರ ಸ್ಥಿರವಾದರೆ ಮತ್ತೆ ಒಳಬಂದು ಅವನ ಬಾಗಿಲಿಗೆ ಅಂಟಿಕೊಳ್ಳುತ್ತಿದ್ದಳು. ಅವನು ಹೇಗೆ ಹೋದರೂ, ಎಲ್ಲಿ ನಿಧಾನಿಸಿದರೂ, ಅವನ ಪರದೆಯ ಮೇಲಿನ ಹಿಂಬದಿ ನೋಡುವ ಕನ್ನಡಿಯಲ್ಲಿ ತಂಗಿಯ ಕಾರು ಇದ್ದೇ ಇರುತ್ತಿತ್ತು. ಅವನ ಮುಂದೆ ಮಾತ್ರ ಯಾರೂ ಇರುತ್ತಿರಲಿಲ್ಲ. ರಸ್ತೆಯೆಲ್ಲ ಅವನದೇ. ಅವಳು ತಪ್ಪಿದಾಗಲೆಲ್ಲ ಅವನು ತಂಗಿಗೆ ತಿದ್ದಿ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಊಟದ ಹೊತ್ತು ಮೀರುತ್ತಿತ್ತು. ತಾಯಿ ಫೋನ್ ಮಾಡಿ, "ಇಬ್ಬರಿಗೂ ಮನೆ ಎನ್ನುವುದೊಂದಿದೆ" ಎಂದು ಗದರುತ್ತಿದ್ದಳು.

ಹೀಗೆ ದಿನ ಹೋದವು. ಒಂದು ಸಂಜೆ ಆ ಚಕ್ರ ಮೊದಲಿನಷ್ಟು ನಡುಗಲಿಲ್ಲ ಎಂದು ನೀಲಾಳಿಗೆ ಅನ್ನಿಸಿತು. ಕಣ್ಣಿನ ಭ್ರಮೆಯಿರಬಹುದೆಂದು ಸುಮ್ಮನಿದ್ದಳು. ಮರುದಿನ ಇನ್ನೂ ಸ್ವಲ್ಪ ಕಡಿಮೆಯಾಗಿತ್ತು. ಅಣ್ಣನಿಗೆ ಅದು ಗೊತ್ತಿರಲಿಲ್ಲ. ತಾಯಿಗೂ, ವೈದ್ಯರಿಗೂ ಗೊತ್ತಿರಲಿಲ್ಲ. ಅವನ ಕೈಗೆ ಶಕ್ತಿ ಮರಳುತ್ತಿದೆ ಎಂಬುದನ್ನು ಲೋಕದಲ್ಲಿ ಮೊದಲು ತಿಳಿದವಳು ಅವಳು. ತಿಳಿದದ್ದು ಪರದೆಯ ಮೇಲಿನ ಆ ಸಣ್ಣ ಚಕ್ರದಿಂದ. ಅವಳು ಯಾರಿಗೂ ಹೇಳದೆ ಅವನ ಹಿಂದೆ ಹೋಗುತ್ತಲೇ ಇದ್ದಳು, ಅವನು ವೇಗವಾದಷ್ಟೇ ತಾನೂ ವೇಗವಾಗುತ್ತ.

ಕೆಲವು ವಾರಗಳ ನಂತರ ಒಂದು ದಿನ ಎರಡೂ ಕಾರುಗಳು ಘಾಟಿಯ ತುದಿಯಿಂದ ಬುಡದವರೆಗೆ ಒಂದನ್ನೊಂದು ತಾಗದೆ, ಬಿಡದೆ, ಒಂದೇ ಓರೆಯಲ್ಲಿ ಜಾರಿ ಇಳಿದವು. ಅಂಗಡಿಯಲ್ಲಿದ್ದವರು ತಮ್ಮ ಆಟ ನಿಲ್ಲಿಸಿ ಎದ್ದು ಬಂದಿದ್ದರು. ಚನ್ನವೀರ ಸ್ಟೇರಿಂಗ್ ಬಿಟ್ಟು ಕೈಯನ್ನು ಒರೆಸಿಕೊಂಡು ಹೇಳಿದ.

"ಅಂತೂ ನಿನಗೆ ಬಂತು. ಕಲಿಸಲು ಸಾಕುಬೇಕಾಯಿತು."

ನೀಲಾ ಹೌದು ಎಂದು ತಲೆಯಾಡಿಸಿದಳು.

ಸ್ಪರ್ಧೆಗೆ ಅಣ್ಣನೂ ಜೊತೆಗೆ ಹೋದ. ಒಬ್ಬೊಬ್ಬರೇ ಆಡುವ ಸುತ್ತಿನಲ್ಲಿ ನೀಲಾ ಹಿಂದುಳಿದಳು. ಅವಳಿಗಿಂತ ವೇಗದವರು ಅಲ್ಲಿ ಬಹಳ ಜನ ಇದ್ದರು. ಜೋಡಿ ಸುತ್ತು ಬಂತು. ಅವಳ ಮುಂದೆ ಹೋಗಬೇಕಾದವನು ಹೆಸರಾಂತ ಆಟಗಾರ. ಹಿಂದೆ ಬರುವವರನ್ನು ಕೆಡಿಸುವ ಉಪಾಯವೊಂದು ಅವನಿಗೆ ಗೊತ್ತಿತ್ತು. ತಿರುವಿನ ನಡುವೆ ಇದ್ದಕ್ಕಿದ್ದಂತೆ ನಿಧಾನಿಸುತ್ತಿದ್ದ. ಹಿಂದಿನವರು ಅವನಿಗೆ ಗುದ್ದುತ್ತಿದ್ದರು, ಇಲ್ಲವೇ ಗಾಬರಿಯಿಂದ ನೆಟ್ಟಗಾಗುತ್ತಿದ್ದರು. ಅವನು ನೀಲಾಳೊಂದಿಗೂ ಹಾಗೆಯೇ ಮಾಡಿದ. ನೀಲಾಳ ಕಣ್ಣು ಅವನ ಮುಂದಿನ ಚಕ್ರದ ಮೇಲಿತ್ತು. ಅವನು ನಿಧಾನಿಸುವ ಮೊದಲೇ ಅವಳು ನಿಧಾನಿಸಿದ್ದಳು. ಅವಳ ಕಾರು ಅವನ ಬಾಗಿಲ ಪಕ್ಕದಲ್ಲಿ ಹಾಗೆಯೇ ಓರೆಯಾಗಿ ನಿಂತಂತೆ ಜಾರುತ್ತಿತ್ತು. ಅವನು ಮತ್ತೊಮ್ಮೆ ನಿಧಾನಿಸಿದ, ಇನ್ನೂ ನಿಧಾನ ಮಾಡಿದ. ಕೊನೆಗೆ ಅವನ ಕಾರೇ ಜಾರುವುದನ್ನು ಬಿಟ್ಟು ನೆಟ್ಟಗಾಯಿತು. ಅವಳದು ಜಾರುತ್ತಲೇ ಇತ್ತು. ನೋಡುತ್ತಿದ್ದವರು ಎದ್ದು ನಿಂತರು.

ಒಟ್ಟು ಅಂಕದಲ್ಲಿ ಮೊದಲ ಸ್ಥಾನ ಅವಳಿಗೆ ಬರಲಿಲ್ಲ. ಆದರೆ ಎಲ್ಲ ಮುಗಿದ ಮೇಲೆ, ಹಿಂದೆ ನಿಜವಾದ ಕಾರುಗಳನ್ನು ಓಡಿಸಿದ್ದ ತೀರ್ಪುಗಾರರೊಬ್ಬರು ಅವಳನ್ನು ಹುಡುಕಿಕೊಂಡು ಬಂದರು.

"ಅಷ್ಟು ನಿಧಾನದಲ್ಲಿ ಹೀಗೆ ಜಾರುವುದನ್ನು ನಾನು ನೋಡಿಲ್ಲ. ಯಾರಮ್ಮ ನಿಮಗೆ ಹೇಳಿಕೊಟ್ಟವರು?" ಎಂದು ಕೇಳಿದರು.

ನೀಲಾ ಪಕ್ಕದಲ್ಲಿ ನಿಂತಿದ್ದ ಅಣ್ಣನನ್ನು ತೋರಿಸಿದಳು.

"ನಾನೇ ಸರ್" ಎಂದ ಚನ್ನವೀರ. "ಬಹಳ ಕಷ್ಟಪಟ್ಟೆ. ಮೊದಮೊದಲು ಇವಳಿಗೆ ನಿಧಾನವಾಗಿ ಹೋಗಲು ಬರುತ್ತಲೇ ಇರಲಿಲ್ಲ. ಹೀಗೆ ಬಂದು ಗುದ್ದುತ್ತಿದ್ದಳು." ಗುದ್ದುವುದು ಹೇಗೆಂದು ಅವನು ಎರಡೂ ಕೈ ಎತ್ತಿ ತೋರಿಸಿದ. ಕೈಗಳು ಗಾಳಿಯಲ್ಲಿ ಸಲೀಸಾಗಿ ತಿರುಗಿದವು, ನಿಂತವು, ನಡುಗಲಿಲ್ಲ. ತೀರ್ಪುಗಾರರು ಆ ಕೈಗಳಲ್ಲಿ ವಿಶೇಷವೇನನ್ನೂ ಕಾಣಲಿಲ್ಲ. ನೀಲಾ ಅವನ್ನೇ ನೋಡುತ್ತ ನಿಂತಳು. ಅಣ್ಣ ಹೇಳಿದ್ದನ್ನು ಅವಳು ಅಲ್ಲಗಳೆಯಲಿಲ್ಲ. ಅದು ಸುಳ್ಳಾಗಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಆ ಹೆಣ್ಣುಮಗಳ ಮೇಲೆ ಶಿಷ್ಯನಿಗೆ ಗೌರವ ಹುಟ್ಟಿತ್ತು. ಗುರುಗಳ ಮೇಲೆಯೂ ಗೌರವ ಹೆಚ್ಚಿತ್ತು.

"ತಾವೂ ಹಾಗೆಯೇ, ಗುರುಗಳೇ" ಎಂದ. "ಎಷ್ಟು ಹೇಳಿದರೂ ತಲೆಗೆ ಹೋಗದವರ ಜೊತೆ ತಾವು ಬೇಸರವಿಲ್ಲದೆ ಹೆಜ್ಜೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟು ಕಷ್ಟದ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ?"

"ನಿನಗೆ ಪಾಠ ಹೇಳುವಾಗ" ಎಂದರು ಗುರುಗಳು.